ಅಂಗಳದ ಜೀಪು

ಅಂಗಳದಲ್ಲಿ ಜೀಪು ನಿಂತಿತ್ತು. ಇಷ್ಟೇ ಮಾತು. ಇದನ್ನು ಊರಿಗೆ ಕೇಳುವಂತೆ ಹೇಳುವುದಕ್ಕೆ ಮಹಾನಂದಾಗೆ ಒಂಬತ್ತು ವರ್ಷ ಹಿಡಿಯಿತು.

ಇಳಕಲ್ಲಿನ ನೇಕಾರರ ಓಣಿಯ ಚಂದ್ರವ್ವನಿಗೆ ಮೂವರು ಮಕ್ಕಳು. ದೊಡ್ಡವಳು ಮಹಾದೇವಿ, ನಡುವಿನವಳು ಮಹಾನಂದಾ, ಕೊನೆಯವ ಮಲ್ಲು. ಗಂಡ ತೀರಿಕೊಂಡ ಮೇಲೆ ಚಂದ್ರವ್ವ ತಾನೇ ಮಗ್ಗದ ಕುಣಿಗೆ ಇಳಿದು, ಸೀರೆ ನೇಯ್ದು ಮಕ್ಕಳನ್ನು ಸಾಕಿದಳು. ಮಹಾದೇವಿಯನ್ನು ಹುನಗುಂದದ ಆಚೆ, ಕೂಡಲಸಂಗಮದ ದಾರಿಯ ಹಳ್ಳಿಯೊಂದಕ್ಕೆ ಕೊಟ್ಟಿದ್ದರು. ಅಳಿಯ ಹಣಮೇಶನದೂ ನೇಕಾರರ ಮನೆತನವೇ. ಆದರೆ ಅವನಪ್ಪನ ಕಾಲಕ್ಕೇ ಮಗ್ಗ ಅಟ್ಟ ಹತ್ತಿ, ರಸ್ತೆ ಗುತ್ತಿಗೆ ಮನೆ ಹೊಕ್ಕಿತ್ತು. ಗುತ್ತಿಗೆಯ ಹಿಂದೆ ಒಂದು ಜೀಪೂ ಬಂತು.

ತೊಂಬತ್ತೊಂಬತ್ತರ ಶ್ರಾವಣದಲ್ಲಿ ಮಹಾದೇವಿಗೆ ಎರಡನೇ ಹೆರಿಗೆ. ಅತ್ತೆ ಹಾಸಿಗೆ ಹಿಡಿದಿದ್ದರಿಂದ ಅವಳನ್ನು ತವರಿಗೆ ಕಳಿಸಲಿಲ್ಲ. ಚಂದ್ರವ್ವನೇ ಅಲ್ಲಿಗೆ ಹೋಗಿ ಇದ್ದಳು. ಮುಂಜಾನೆ ನೋವು ಶುರುವಾಯಿತು. ಹೊತ್ತು ನೆತ್ತಿಗೇರುವುದರೊಳಗೆ ಸೂಲಗಿತ್ತಿ ಗುರುಲಿಂಗವ್ವ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಕೂಸು ಅಡ್ಡ ಐತ್ರಿ. ಇದು ನನ್ನ ಕೈಲಾಗೂದಲ್ಲ. ಬಾಗಲಕೋಟಿ ದವಾಖಾನಿಗೆ ಒಯ್ಯರಿ" ಅಂದಳು.

ಜೀಪು ಅಂಗಳದಲ್ಲೇ ಇತ್ತು. ಚುನಾವಣೆಯ ಕಾಲ. ತೊಳೆದು, ಒರೆಸಿ, ಮುಂದೆ ಬಾವುಟ ಕಟ್ಟಿ, ಮೇಲೆ ಮೈಕು ಬಿಗಿದು ನಿಲ್ಲಿಸಿದ್ದರು. ಸಂಜೆ ಅಭ್ಯರ್ಥಿ ಸಾಹೇಬರು ಅದರಲ್ಲಿ ನಿಂತು ಊರೂರು ತಿರುಗುವವರಿದ್ದರು. ಹಣಮೇಶ ಜೀಪನ್ನೊಮ್ಮೆ ನೋಡಿದ, ಒಳಗಿನ ಕೂಗನ್ನೂ ಕೇಳಿದ. ಆಮೇಲೆ ಚಂದ್ರವ್ವನಿಗೆ ಹೇಳಿದ: "ಸಾಹೇಬ್ರು ಕೂಡೂ ಗಾಡಿ ಅತ್ತಿ. ಹೊಲಸಾತಂದ್ರ ಹೆಂಗ? ಟ್ರ್ಯಾಕ್ಟರ್‌ಗೆ ಹೇಳಿ ಕಳಸ್ತೇನಿ."

ಟ್ರ್ಯಾಕ್ಟರು ಹೊಲದಲ್ಲಿತ್ತು. ಅದು ಬಂದು, ಟ್ರೇಲರಿನ ಹೊಟ್ಟು ಸುರಿದು, ಕೌದಿ ಹಾಸಿ, ಹೆಣ್ಣುಮಗಳನ್ನು ಮಲಗಿಸಿ ಹೊರಡುವ ಹೊತ್ತಿಗೆ ಬಿಸಿಲು ಇಳಿದಿತ್ತು. ಅಮೀನಗಡ ದಾಟುವುದರೊಳಗೆ ಮಹಾದೇವಿ ಕೂಗುವುದನ್ನು ನಿಲ್ಲಿಸಿದಳು. ಕೂಸೂ ಉಳಿಯಲಿಲ್ಲ.

ಇದನ್ನು ಚಂದ್ರವ್ವ ಮಹಾನಂದಾಗೆ ಹೇಳಿದ್ದು ಒಂದೇ ಸಲ, ಮಣ್ಣು ಮಾಡಿ ಬಂದ ಮರುದಿನ. ಆಮೇಲೆ ಬಾಯಿಗೆ ಬೀಗ ಹಾಕಿಕೊಂಡಳು. ಹಾಕಿಕೊಳ್ಳದೆ ಏನು ಮಾಡುತ್ತಾಳೆ? ಮಹಾದೇವಿಯ ಮೊದಲ ಮಗಳು ಸಪ್ನಾ, ಮೂರು ವರ್ಷದ್ದು, ಆ ಮನೆಯಲ್ಲೇ ಉಳಿದಿತ್ತು. "ರಜಾಕ್ಕ ಕಳಸ್ತೇನಿ, ಮೊಮ್ಮಗಳು ನಿಮ್ಮಾಕಿನೂ ಹೌದು" ಎಂದು ಹಣಮೇಶ ಅಂದಿದ್ದ. ವರ್ಷ ತುಂಬುವುದರೊಳಗೆ ಮಲ್ಲುವನ್ನು ಕರೆದು ಕೆಲಸವನ್ನೂ ಕೊಟ್ಟ. ಏನು ಕೆಲಸ ಅಂದರೆ, ಅದೇ ಜೀಪಿಗೆ ಡ್ರೈವರು.

ತಮ್ಮ ಆ ಜೀಪು ನಡೆಸಿಕೊಂಡು ಮೊದಲ ಸಲ ಮನೆ ಮುಂದೆ ಬಂದು ಹಾರನ್ನು ಬಾರಿಸಿದಾಗ ಮಹಾನಂದಾ ಹೊರಗೆ ಬರಲಿಲ್ಲ. ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ದಿನದ ರೊಟ್ಟಿಗಳೆಲ್ಲ ಹರಿದಿದ್ದವು.

ಮಹಾನಂದಾ ಹುನಗುಂದದ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಇಳಕಲ್ಲಿನಲ್ಲಿ ರಾಜಮಹ್ಮದನ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕಂಪ್ಯೂಟರಿನ ಮುಂದೆ ಕೂಡುತ್ತಿದ್ದಳು. ಲಗ್ನಪತ್ರಿಕೆ, ಶ್ರದ್ಧಾಂಜಲಿ, ಅಂಗಡಿಯ ಬಿಲ್ ಬುಕ್ಕು, ಎಲ್ಲ ಅವಳ ಬೆರಳಿನಿಂದಲೇ ಹೊರಬೀಳುತ್ತಿದ್ದವು. ರಾಜಮಹ್ಮದ ಮಾತು ಕಡಿಮೆಯ ಮನುಷ್ಯ. ಕೆಲಸ ಇಲ್ಲದ ಹೊತ್ತಿನಲ್ಲಿ ಅವಳು ತನ್ನದೇನಾದರೂ ಟೈಪು ಮಾಡಿದರೆ ಕೇಳುತ್ತಿರಲಿಲ್ಲ. ಅಲ್ಲೇ ಅವಳು ಕಥೆ ಬರೆಯತೊಡಗಿದಳು.

ಬರೆಯಬೇಕೆಂದಿದ್ದು ಒಂದೇ ಕಥೆ. ಉಳಿದವು ಅದಕ್ಕೆ ಕೈ ಪಳಗಿಸಿಕೊಂಡಂತೆ. ಎರಡು ಸಾವಿರದ ಮೂರರಲ್ಲಿ ಅದನ್ನು ಬರೆದು ಮುಗಿಸಿ, ಬೆಂಗಳೂರಿನ ವಾರಪತ್ರಿಕೆಯೊಂದರ ಸ್ಪರ್ಧೆಗೆ ಕಳಿಸಿದಳು. ಅಕ್ಕನಿಗೆ ಬೇರೆ ಹೆಸರಿಟ್ಟಳು. ಊರನ್ನು ಮಲಪ್ರಭೆಯ ದಂಡೆಗೆ ಒಯ್ದಳು. ಜೀಪು ತೆಗೆದು ಸವಾರಿ ಬಂಡಿ ಮಾಡಿದಳು, ಚುನಾವಣೆ ತೆಗೆದು ಬೀಗರ ದಿಬ್ಬಣ ಮಾಡಿದಳು. ಕಥೆಯಲ್ಲಿ ಕೆಟ್ಟವನ ಒಳಗೂ ಇಳಿದು ನೋಡಬೇಕು, ಎಲ್ಲರ ಮೇಲೂ ಕರುಣೆ ಇರಬೇಕು ಎಂದು ಕಾಲೇಜಿನಲ್ಲಿ ಕೇಳಿದ್ದಳು. ಅದಕ್ಕೇ ಕೊನೆಯಲ್ಲಿ ಆ ಗಂಡನನ್ನು ಖಾಲಿ ಬಂಡಿಯ ಗಾಲಿಗೆ ತಲೆ ಆನಿಸಿ ಅಳಿಸಿದಳು. ಅದು ಆಗಿರಲಿಲ್ಲ. ಹಣಮೇಶ ಅಳಲಿಲ್ಲ, ಆವತ್ತು ಸಂಜೆ ಪ್ರಚಾರ ನಡೆದೇ ನಡೆದಿತ್ತು, ಬೇರೆ ಊರಿನಿಂದ ಶುರುವಾಯಿತು, ಅಷ್ಟೇ. ಆದರೂ ಬರೆದಳು. ಬರೆಯುವಾಗ ಅವಳ ಕಣ್ಣಲ್ಲೂ ನೀರು ಬಂದಿತ್ತು. ಅದನ್ನೇ ಕಥೆಯ ಗೆಲುವು ಎಂದುಕೊಂಡಳು.

ಎರಡನೇ ಬಹುಮಾನ ಬಂತು. ಫೋಟೋ ಸಮೇತ ಅಚ್ಚಾಯಿತು. ಹುನಗುಂದದ ಸಾಹಿತ್ಯಾಸಕ್ತರ ಬಳಗವೊಂದು ಸನ್ಮಾನ ಇಟ್ಟುಕೊಂಡಿತು. ಅವಳು ಅವ್ವ ನೇಯ್ದ ದಾಳಿಂಬೆ ಬಣ್ಣದ ಸೀರೆ ಉಟ್ಟು ಹೋದಳು. ವೇದಿಕೆ ಹತ್ತಿದ ಮೇಲೆ ಗೊತ್ತಾಯಿತು, ಮುಖ್ಯ ಅತಿಥಿ ಹಣಮೇಶ. ಅಷ್ಟರಲ್ಲಿ ಅವನು ತಾಲೂಕಿನಲ್ಲಿ ಹೆಸರು ಮಾಡಿದ್ದ, ಇಂಥ ಸಭೆಗಳ ಶಾಮಿಯಾನವೆಲ್ಲ ಅವನದೇ.

ಅವನೇ ಶಾಲು ಹೊದಿಸಿದ. ಅವನೇ ಮಾಲೆ ಹಾಕಿದ. ಮೈಕಿನ ಮುಂದೆ ನಿಂತು ಹೇಳಿದ: "ನಮ್ಮ ನಾದಿನಿ ಅಂತ ಹೇಳಾಕತ್ತಿಲ್ಲ, ಖರೆ ಹೇಳ್ತೇನಿ, ಈ ಕಥಿ ಓದಿ ನಾ ಅತ್ತೇನಿ. ಆ ಗಂಡನ ಸಂಕಟ ಏನೈತಿ, ಅದು ನಂದ. ನಿಮಗೆಲ್ಲ ಗೊತ್ತೈತಿ, ನಮ್ಮ ಮನ್ಯಾಗೂ ಹಿಂಗ ಆತು. ಆವತ್ತ ನಮಗ ಗಾಡಿ ಸಿಗಲಿಲ್ಲ. ಸಿಕ್ಕಿದ್ರ ನನ್ನ ಹೇಣ್ತಿ ಇವತ್ತ ಇಲ್ಲೇ ಮುಂದ ಕುಂತಿರ್ತಿದ್ಲು." ಕರವಸ್ತ್ರ ತೆಗೆದು ಕಣ್ಣು ಒತ್ತಿಕೊಂಡ. ಮುಂದಿನ ಸಾಲಿನ ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಮಹಾನಂದಾಳ ಕೈಗೆ ಮೈಕು ಬಂತು. ಎರಡನೇ ಸಾಲಿನಲ್ಲಿ ಏಳು ವರ್ಷದ ಸಪ್ನಾ ಅಪ್ಪನನ್ನು ನೋಡಿ ತಾನೂ ಅಳುತ್ತಿದ್ದಳು. "ಎಲ್ಲಾರಿಗೂ ನಮಸ್ಕಾರ" ಅಂದು ಮಹಾನಂದಾ ಕುಳಿತುಬಿಟ್ಟಳು.

ಬಸ್ಸಿನಲ್ಲಿ ಬರುವಾಗ ಶಾಲನ್ನು ಮಡಿಸಿ ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಹಣಮೇಶನ ಮೇಲಿನ ಸಿಟ್ಟು ಹಳೆಯದು, ಅದು ಅವಳಿಗೆ ರೂಢಿಯಾಗಿತ್ತು. ಇದು ಹೊಸದು, ತನ್ನ ಮೇಲಿನದು. ಆ ಕಣ್ಣೀರನ್ನು ಅವನಿಗೆ ಹೊಲಿದುಕೊಟ್ಟವಳು ತಾನು. ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಅದು ಅವನ ಮೈಗೆ ಸರಿಯಾಗಿ ಕೂತುಬಿಟ್ಟಿತು. ನಾಲ್ಕು ವರ್ಷ ಯಾರೂ ಕೇಳಿರದ ಸುಳ್ಳಿಗೆ ತನ್ನ ಕಥೆಯಿಂದಾಗಿ ಒಂದು ವೇದಿಕೆ, ಒಂದು ಮೈಕು, ಒಂದು ಚಪ್ಪಾಳೆ ಸಿಕ್ಕಿತ್ತು. ಇನ್ನು ಮೇಲೆ ಕಥೆ ಬೇಡ ಎಂದು ಅವಳು ನಿರ್ಧರಿಸಿದ್ದು ಇಳಕಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುವ ಮೊದಲೇ.

ಬಾಗಲಕೋಟೆಯ ದಿನಪತ್ರಿಕೆಯೊಂದರ ಸಂಪಾದಕ ಹೊಳಬಸಪ್ಪ ಅವಳ ಬಹುಮಾನದ ಸುದ್ದಿ ಓದಿ ಕರೆಸಿದ್ದ. ಹಳೇ ಊರು ಹಿನ್ನೀರಿಗೆ ಹೋದ ಮೇಲೆ ಅವನ ಕಚೇರಿ ನವನಗರಕ್ಕೆ ಬಂದಿತ್ತು. ಸೆಕ್ಟರ್ ನಂಬರು ಹುಡುಕಿ ಹುಡುಕಿ ಹೋಗಿ ಮುಟ್ಟಿದಳು. "ವಾರಕ್ಕೊಂದು ಅಂಕಣ ಬರೀ ತಂಗಿ. ನಿನ್ನ ಅನುಭವ, ನಮ್ಮ ಕಡೆ ಮಾತಿನ್ಯಾಗ. ಆದ್ರ ಹಗೂರ ಇರಬೇಕು. ಓದಾಂವ ಮುಂಜಾನಿ ಚಾ ಕುಡ್ಕೋತ ಕುಂತಿರ್ತಾನ, ಅವನ ಚಾ ಆರಬಾರದು" ಅಂದ.

ಬರೆದಳು. ಬದಾಮಿಯ ಗುಡ್ಡದಲ್ಲಿ ಮಂಗವೊಂದು ಅವಳ ಚೀಲ ಕಿತ್ತುಕೊಂಡು, ರೊಟ್ಟಿ ಬಿಸಾಕಿ ಕನ್ನಡಕ ಇಟ್ಟುಕೊಂಡದ್ದು. ಲಗ್ನಪತ್ರಿಕೆಯಲ್ಲಿ ತನ್ನಿಂದಾದ ಒಂದು ಅಕ್ಷರದ ತಪ್ಪಿಗೆ ಎರಡು ಬೀಗರ ನಡುವೆ ಜಗಳವಾಗಿ ರಾಜಮಹ್ಮದ ಪಂಚಾಯಿತಿ ಮಾಡಿದ್ದು. ಜನ ನಕ್ಕರು. ಓಣಿಯಲ್ಲಿ ಗುರುತು ಹಿಡಿದು "ಏನ್ರಿ, ಈ ವಾರ ಯಾರನ್ನ ನಗಸಾಕತ್ತೀರಿ" ಎಂದು ಕೇಳತೊಡಗಿದರು. ಅವಳು ನಗಿಸುವವಳಾದಳು. ಅದರಿಂದ ಅವಳ ಸಿಟ್ಟು ಕಡಿಮೆಯೇನೂ ಆಗಲಿಲ್ಲ. ಪ್ರತಿ ಬುಧವಾರ ಲೇಖನ ಕಳಿಸುವಾಗಲೂ, ಈ ನಗುವ ಜನರೆಲ್ಲ ಒಂದು ದಿನ ತನ್ನ ಅಂಕಣ ತೆರೆಯುತ್ತಾರೆ, ಆ ದಿನ ಅವರ ಚಹಾ ಆರುತ್ತದೆ ಎಂದುಕೊಳ್ಳುತ್ತಿದ್ದಳು.

ಎರಡು ಸಾವಿರದ ಐದರ ಕೊನೆಗೆ ಪಂಚಾಯತಿ ಚುನಾವಣೆ ಬಂತು. ಹಣಮೇಶ ನಿಂತಿದ್ದ. ಅವನ ಕರಪತ್ರ ಅಚ್ಚಿಗೆ ಬಂದದ್ದು ರಾಜಮಹ್ಮದನ ಪ್ರೆಸ್ಸಿಗೆ. ತಂದುಕೊಟ್ಟವ ಮಲ್ಲು. 'ಹೆರಿಗೆಗಾಗಿ ಪರದಾಡುವ ತಾಯಂದಿರಿಗೆ ಊರಿಗೊಂದು ವಾಹನ; ಸ್ವತಃ ನೊಂದ ಜೀವ ನಿಮ್ಮ ಹಣಮೇಶ' ಎಂದು ಅದರಲ್ಲಿತ್ತು.

"ಇದನ್ನ ನಾ ಟೈಪ್ ಮಾಡೂದಿಲ್ಲ" ಅಂದಳು ಮಹಾನಂದಾ.

ಮಲ್ಲು ಕುರ್ಚಿ ಎಳೆದುಕೊಂಡು ಎದುರಿಗೆ ಕೂತ. "ಅಕ್ಕಾ, ಅಂವ ಕೊಟ್ಟ ಅನ್ನ ಉಣ್ಣಾಕತ್ತೇವಿ."

"ನೀ ಉಣ್ಣಾಕತ್ತೀದಿ."

"ಅವ್ವಾನೂ ಉಣ್ಣಾಕತ್ತಾಳ. ಕೇಳು ಬೇಕಾದ್ರ."

ರಾಜಮಹ್ಮದ ಎದ್ದು ಬಂದು, ಕಾಗದ ಅವಳ ಕೈಯಿಂದ ತೆಗೆದುಕೊಂಡು, ತಾನೇ ಕೂತು ಎರಡು ಬೆರಳಲ್ಲಿ ಒಂದೊಂದೇ ಅಕ್ಷರ ಹುಡುಕಿ ಹುಡುಕಿ ಟೈಪು ಮಾಡಿದ. ಹಣಮೇಶ ಗೆದ್ದ.

ಗೆದ್ದ ವಾರವೇ ಅವಳು ಆ ಲೇಖನ ಬರೆದಳು. ಬಣ್ಣ ಇಲ್ಲ, ಬಂಡಿ ಇಲ್ಲ, ಬೇರೆ ಹೆಸರಿಲ್ಲ. ಅಕ್ಕ ಮಹಾದೇವಿ, ಅಂಗಳ, ಜೀಪು, ಹೊಲಸಾದರೆ ಹೆಂಗೆ ಎಂಬ ಮಾತು. ಲಕೋಟೆಗೆ ಹಾಕಿ ಬಾಗಲಕೋಟೆಗೆ ತಾನೇ ಒಯ್ದು, ಹೊಳಬಸಪ್ಪ ಇಲ್ಲದ್ದಕ್ಕೆ ಮೇಜಿನ ಮೇಲಿಟ್ಟು ಬಂದಳು.

ಭಾನುವಾರ ಪತ್ರಿಕೆ ಬಂತು. ಅಂಕಣ ಇತ್ತು, ಅವಳ ಹೆಸರೂ ಫೋಟೋವೂ ಇದ್ದವು. ಲೇಖನದ ಅರ್ಧಕ್ಕರ್ಧ ಅಕ್ಕ ಹಾಡುತ್ತಿದ್ದ ಬೀಸುಕಲ್ಲಿನ ಪದಗಳ ಬಗ್ಗೆ ಇತ್ತು; ಅದು ಅವಳೇ ಬರೆದದ್ದು, ಮೊದಲ ಭಾಗ. ಆಮೇಲೆ ಜೀಪು ಬರಬೇಕಾದಲ್ಲಿ ಒಂದೇ ಸಾಲು: 'ಸಕಾಲಕ್ಕೆ ವಾಹನ ಸಿಗದೆ ನನ್ನ ಅಕ್ಕ ನಮ್ಮನ್ನಗಲಿದಳು.'

ಅವಳು ಆ ಸಾಲನ್ನು ಮತ್ತೆ ಮತ್ತೆ ಓದಿದಳು. ಬೇರೆಯವರ ಬಾಯಲ್ಲಿದ್ದ ಸುಳ್ಳು ಈಗ ತನ್ನ ಹೆಸರಿನ ಕೆಳಗೆ ಕೂತಿತ್ತು.

ಸೋಮವಾರ ಮೊದಲ ಬಸ್ಸಿಗೇ ನವನಗರಕ್ಕೆ ಹೋದಳು. ಹೊಳಬಸಪ್ಪ ಫೋನಿನಲ್ಲಿದ್ದ, ಅವಳು ಪತ್ರಿಕೆಯನ್ನು ಅವನ ಮುಂದೆ ಹಾಸಿ ಆ ಸಾಲಿನ ಮೇಲೆ ಬೆರಳಿಟ್ಟು ನಿಂತಳು.

"ಇದನ್ನ ಯಾರು ಬರದ್ರಿ?"

"ಕೂಡ್ರು ತಂಗಿ."

"ಕೂಡಂಗಿಲ್ಲ. ಯಾರು ಬರದ್ರಿ?"

"ನಾನ ತಿದ್ದೇನಿ. ಸಂಪಾದಕ ಅಂದ ಮ್ಯಾಲ ತಿದ್ದಬೇಕಾಗತೈತಿ. ಅಂವ ಈಗ ಆರಿಸಿ ಬಂದ ಮನಷ್ಯಾ. ಕೇಸ್ ಹಾಕಿದ್ರ ನಾ ಎಲ್ಲಿ ಹೋಗ್ಲಿ? ನಿನ್ನ ಹತ್ರ ಸಾಕ್ಷಿ ಐತೇನು?"

"ನಮ್ಮವ್ವ ಅದಾಳ."

"ಅಕಿ ಹೇಳ್ತಾಳೇನು?"

ಮಹಾನಂದಾಳ ಬೆರಳು ಆ ಸಾಲಿನಿಂದ ಸರಿಯಿತು. ಅವನಿಗೆ ಧೈರ್ಯ ಬಂತು. "ನೋಡು, ಲೇಖನ ಭಾಳ ಚಂದ ಬಂದೈತಿ. ನಿನ್ನಿಯಿಂದ ಮಂದಿ ಫೋನ್ ಮಾಡಾಕತ್ತಾರ, ಕಣ್ಣಾಗ ನೀರು ಬಂತು ಅಂತ."

"ಕಣ್ಣೀರು ಸಾಕ್ರಿ" ಅಂದಳು ಮಹಾನಂದಾ. "ಎಲ್ಲಾರೂ ಅಳ್ತೀರಿ. ಕೊಂದಾಂವನೂ ಅಳ್ತಾನ, ತಿದ್ದಿದಾಂವನೂ ಅಳ್ತಾನ. ನನ್ನ ಲೇಖನದಾಗಿಂದು ಒಂದು ಮಾತು ತಗದಿದ್ರ ತಡಕೋತಿದ್ದೆ. ತಗದ ಜಾಗಾದಾಗ ಅವನ ಮಾತು ತುರುಕಿದ್ರಿ. ನನ್ನ ಬಾಯಿಲೆ ಅವನ ಉಗುಳು ಉಗಳಿಸಿದ್ರಿ."

ಕಚೇರಿಯ ಉಳಿದವರು ಬರೆಯುವುದನ್ನು ನಿಲ್ಲಿಸಿ ನೋಡುತ್ತಿದ್ದರು. ಅವಳು ಪತ್ರಿಕೆಯನ್ನು ಅಲ್ಲೇ ಬಿಟ್ಟು ಬಂದಳು. ಅಂಕಣ ಅಲ್ಲಿಗೆ ನಿಂತಿತು. ಎರಡು ವಾರದ ನಂತರ ಅದೇ ಜಾಗದಲ್ಲಿ ಅಡುಗೆ ವಿಧಾನ ಬಂತು.

ಮುಂದಿನ ಎರಡು ವರ್ಷ ಅವಳು ಏನನ್ನೂ ಬರೆಯಲಿಲ್ಲ. ಬಂದ ಲಗ್ನಪತ್ರಿಕೆ ಟೈಪು ಮಾಡಿದಳು, ಮನೆಗೆ ಹೋದಳು. ಯಾರಾದರೂ ಓಣಿಯಲ್ಲಿ ನಿಲ್ಲಿಸಿ "ಯಾಕ ಬರ್ಯಾಂಗಿಲ್ಲ" ಅಂದರೆ "ಕೈ ನೋವು" ಅನ್ನುತ್ತಿದ್ದಳು.

ಅಷ್ಟರಲ್ಲಿ ರಾಜಮಹ್ಮದ ಪ್ರೆಸ್ಸಿನ ಹಿಂದಿನ ಕೋಣೆಗೆ ಇಂಟರ್‌ನೆಟ್ ಹಾಕಿಸಿ, ನಾಲ್ಕು ಕಂಪ್ಯೂಟರು ಇಟ್ಟು, ಸೈಬರ್ ಕೆಫೆ ಮಾಡಿದ. ಅವನಿಗೆ ಕವ್ವಾಲಿಯ ಹುಚ್ಚು. ಅದನ್ನು ಹುಡುಕುತ್ತ ಹುಡುಕುತ್ತ ಎಲ್ಲೆಲ್ಲಿಯದೋ ಮಂದಿ ಮನೆಯಲ್ಲಿ ಕೂತು ಮಾತಾಡಿ, ಅದನ್ನು ರೇಡಿಯೋ ಹಾಗೆ ನೆಟ್ಟಿಗೆ ಏರಿಸುವುದನ್ನು ಕಂಡುಕೊಂಡ. "ಇದಕ್ಕ ಪಾಡ್‌ಕಾಸ್ಟ್ ಅಂತಾರಂತ" ಎಂದು ಒಂದು ಮಧ್ಯಾಹ್ನ ಅವಳಿಗೆ ತೋರಿಸಿದ. "ಆಕಾಶವಾಣಿಯವ್ರನ್ನ ಕೇಳಬೇಕಾಗಿಲ್ಲ. ಸಂಪಾದಕ ಇಲ್ಲ. ಹೇಳಿದ್ದು ಹೇಳಿದಂಗ ಹೋಗತೈತಿ."

"ತಿದ್ದವ್ರು ಯಾರೂ ಇಲ್ಲೇನ್ರಿ?" ಎಂದು ಕೇಳಿದಳು ಮಹಾನಂದಾ.

"ಯಾರೂ ಇಲ್ಲ. ಕೇಳವ್ರು ಅದಾರೋ ಇಲ್ಲೋ, ಅದೂ ಗೊತ್ತಿಲ್ಲ."

ಕೋಣೆಯ ಮೂಲೆಗೆ ಹಳೇ ಕೌದಿಗಳನ್ನು ಇಳಿಬಿಟ್ಟು, ಅಗ್ಗದ ಮೈಕೊಂದನ್ನು ತಂದು, ಅವಳು ಮಾತಾಡತೊಡಗಿದಳು. ಮೊದಮೊದಲು ಧ್ವನಿ ತನ್ನದಲ್ಲ ಅನಿಸಿತು. ಓದುವವಳ ಹಾಗೆ 'ಹೋಗುತ್ತೇನೆ, ಬರುತ್ತೇನೆ' ಅನ್ನುತ್ತಿದ್ದಳು. ಕೇಳಿಸಿಕೊಂಡ ರಾಜಮಹ್ಮದ "ಯಾರಿಕಿ ಮೈಸೂರಾಕಿ?" ಅಂದ. ಆಮೇಲೆ ಕಟ್ಟೆಯ ಮೇಲೆ ಕೂತು ಹೇಳುವಂತೆಯೇ ಹೇಳಿದಳು. ಓಣಿಯ ಸಂಗತಿ, ಮಗ್ಗದ ಕುಣಿಯ ಸಂಗತಿ, ಸೊಂಟ ಹಿಡಿದ ಹೆಂಗಸರ ಸಂಗತಿ. ನೆಟ್ಟಿನಲ್ಲಿ ಕೇಳಿದವರು ಬೆರಳೆಣಿಕೆ ಮಂದಿ. ಆದರೆ ಅದೇ ದನಿ ಮೊಬೈಲಿನಿಂದ ಮೊಬೈಲಿಗೆ ದಾಟಿ ಓಣಿಗೆ ಬಂತು. ಕೈಮಗ್ಗದ ಸದ್ದು ಮಾತಿಗೆ ಅಡ್ಡಬರುವುದಿಲ್ಲ. ಹೆಂಗಸರು ಮೊಬೈಲನ್ನು ಗೂಟಕ್ಕೆ ತೂಗುಹಾಕಿ ಕೇಳುತ್ತ ನೇಯುತ್ತಿದ್ದರು. ಜೀಪಿನ ಮಾತು ಮಾತ್ರ ಅವಳು ಎತ್ತಲಿಲ್ಲ. ತಾನು ಕಂಡವಳಲ್ಲ. ಕಂಡವಳು ಬಾಯಿ ಬಿಡುವುದಿಲ್ಲ.

ಎರಡು ಸಾವಿರದ ಎಂಟರ ದಸರೆ ರಜೆಗೆ ಸಪ್ನಾ ಬಂದಳು. ಹನ್ನೆರಡು ವರ್ಷದ ಹುಡುಗಿ, ಓದಿನಲ್ಲಿ ಜಾಣೆ. ಚೀಲದಿಂದ ಒಂದು ಪ್ರಶಸ್ತಿಪತ್ರ ತೆಗೆದು ಚಿಕ್ಕವ್ವನಿಗೆ ತೋರಿಸಿದಳು. 'ನನ್ನ ತಾಯಿ' ಎಂಬ ಪ್ರಬಂಧಕ್ಕೆ ತಾಲೂಕಿಗೇ ಮೊದಲು ಬಂದಿದ್ದಳು.

"ಓದಿ ತೋರ್ಸು" ಅಂದಳು ಮಹಾನಂದಾ. ಚಂದ್ರವ್ವ ಕುಣಿಯಲ್ಲಿ ಕೂತಿದ್ದವಳು ಲಾಳಿ ಎಸೆಯುವುದನ್ನು ನಿಲ್ಲಿಸಿದಳು.

ಹುಡುಗಿ ಎದ್ದು ನಿಂತು, ಬಾಯಿಪಾಠವಾಗಿದ್ದನ್ನು ಹೇಳಿದಳು. ಬೀಸುಕಲ್ಲಿನ ಪದಗಳ ಮಾತು ಬಂತು. ಆಮೇಲೆ, "ಸಕಾಲಕ್ಕೆ ವಾಹನ ಸಿಗದೆ ನನ್ನ ತಾಯಿ ನಮ್ಮನ್ನಗಲಿದಳು. ಆ ದಿನ ನನ್ನ ತಂದೆ ಊರೆಲ್ಲ ಓಡಾಡಿದರು, ಆದರೆ..."

"ಇದನ್ನ ಎಲ್ಲಿ ಓದಿದಿ?"

"ನಿನ್ನ ಲೇಖನದಾಗ ಚಿಗವ್ವ. ಅಪ್ಪ ಅದನ್ನ ಫ್ರೇಮ್ ಹಾಕ್ಸಿ ಗ್ವಾಡಿಗೆ ಹಾಕ್ಯಾನ. ಅದನ್ನ ನೋಡೇ ಬರದೇನಿ."

ಚಂದ್ರವ್ವ ಕುಣಿಯಿಂದ ಮೇಲೆ ಬಂದು, ಮೊಮ್ಮಗಳ ತಲೆ ಸವರಿ, "ಹೋಗವ್ವ, ಓಣ್ಯಾಗ ಆಡಿ ಬಾ" ಅಂದಳು. ಹುಡುಗಿ ಹೋದ ಮೇಲೆ ಮಗಳ ಕಡೆ ತಿರುಗಿದಳು.

"ಆ ಮಾತಾಡೂ ಮಶೀನ ಎಲ್ಲೈತಿ?"

"ಪ್ರೆಸ್ಸಿನ್ಯಾಗ."

"ನಡೀ."

"ಅವ್ವಾ, ಮಲ್ಲೂನ ಕೆಲಸ ಹೋಗತೈತಿ. ಸಪ್ನಾನ್ನ ಮತ್ತ ಕಳಸಂಗಿಲ್ಲ ಅಂವ."

"ಇಷ್ಟ ವರ್ಷ ಕಳಸಿದ್ದಕ್ಕ ಏನಾತು? ಕೂಸಿನ ಬಾಯಾಗ ಅವ್ವನ ಸಾವು ಸುಳ್ಳಾಗಿ ಕುಂತೈತಿ. ಇದಕ್ಕೇನ ನಾ ಬಾಯಿ ಮುಚ್ಚಿಕೊಂಡು ಕುಂತಿದ್ದು?"

ಕೌದಿಗಳ ನಡುವೆ ಕೂತ ಚಂದ್ರವ್ವ ಮೈಕನ್ನು ಮುಟ್ಟಲಿಲ್ಲ, ನೋಡಲೂ ಇಲ್ಲ. ಎದುರಿಗೆ ಮಗಳನ್ನು ಕೂಡಿಸಿಕೊಂಡು ಹೇಳಿದಳು. ಮಹಾನಂದಾಗೆ ಗೊತ್ತಿದ್ದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೂ ಏಳಲಿಲ್ಲ. ಆಮೇಲೆ ಮುಂದುವರಿಸಿದಳು.

"ಒಂದು ಮಾತು ನಾ ಯಾರಿಗೂ ಹೇಳಿಲ್ಲ. ನಿನಗೂ ಹೇಳಿಲ್ಲ. ಟ್ರ್ಯಾಕ್ಟರ್ ಬರೂದು ತಡಾ ಆತು. ಮಾದೇವಿಗೆ ತಡಕೊಳ್ಳಾಕ ಆಗಲಿಲ್ಲ. ನನ್ನ ಹೆಗಲ ಹಿಡಕೊಂಡು ತಾನ ಎದ್ದು ಅಂಗಳಕ್ಕ ಬಂದ್ಲು. ನಾ ಟ್ರ್ಯಾಕ್ಟರ್ ನೋಡಾಕ ಬಂದ್ಲು ಅನ್ಕೊಂಡೆ. ಅಕಿ ನೆಟ್ಟಗ ಜೀಪಿನ ಕಡೆ ಹೋದ್ಲು. ಬಾಗಲದ ಹಿಡಿಕಿ ಹಿಡದ್ಲು. ಮಾತಾಡಲಿಲ್ಲ, ಬೇಡಕೊಳ್ಳಲಿಲ್ಲ. ಹಿಡದು ನಿಂತ್ಲು, ಅಷ್ಟ. ಅಳಿಯಾ ಬಂದ. ಅಕಿನ ಬೆರಳು ಒಂದೊಂದ ಬಿಡಿಸಿದ. ಬೈಲಿಲ್ಲ ಅಂವ, ಹೊಡಿಲಿಲ್ಲ. ಮೆತ್ತಗ, ಕೂಸಿನ ಕೈಯಾಗಿಂದ ಆಟಿಗಿ ಬಿಡಸಿದಂಗ ಬಿಡಿಸಿದ. ಆಮ್ಯಾಲ ಅರಬಿ ತೊಗೊಂಡು ಆ ಹಿಡಿಕಿ ಒರಸಿದ. ನಾ ನಿಂತು ನೋಡಿದೆ. ನಾನೂ ಏನೂ ಅನಲಿಲ್ಲ. ಅಳಿಯಾನ ಮನಿ ಅಂಗಳ ಅದು, ನಾ ಹೆಣ್ಣ ಕೊಟ್ಟಾಕಿ. ಇಷ್ಟ ನನಗ ಗೊತ್ತಿರೂದು."

ರಾಜಮಹ್ಮದ ಬಾಗಿಲಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದ. ಮಹಾನಂದಾ ಯಂತ್ರ ನಿಲ್ಲಿಸಿದಳು. ಇದಕ್ಕೆ ಹಿಂದೆ ಮುಂದೆ ಏನಾದರೂ ಸೇರಿಸಬೇಕೇ ಎಂದು ಅವನು ಕೇಳಿದ. "ಏನೂ ಬ್ಯಾಡ" ಅಂದಳು. ಅಕ್ಕನ ಹೆಸರು, ಅವ್ವನ ಹೆಸರು, ಹಣಮೇಶನ ಹೆಸರು ಇದ್ದಂತೆಯೇ ಹೋಯಿತು.

ವಾರದೊಳಗೆ ಮಲ್ಲು ಬಂದ, ನಡೆದುಕೊಂಡು. ಜೀಪಿನ ಕೀಲಿ ಕಸಿದುಕೊಂಡು ಕಳಿಸಿದ್ದರು. ಬಾಗಿಲಲ್ಲೇ ನಿಂತು ಬೈದ. "ನಿನ್ನ ಸಾಹಿತ್ಯ ನಮ್ಮ ಹೊಟ್ಟಿ ಮ್ಯಾಲ ಕಾಲಿಟ್ತು" ಅಂದ. ಮಹಾನಂದಾ ಎದ್ದು ಉತ್ತರ ಕೊಡುವ ಮೊದಲೇ ಚಂದ್ರವ್ವ ಒಳಗಿಂದ, "ಮಾತಾಡಿದಾಕಿ ನಾ. ನನ್ನ ಬೈ" ಅಂದಳು. ಅವನು ಹೊಸ್ತಿಲ ಮೇಲೆ ಕುಸಿದು ಕೂತ. ಆ ಹಿಡಿಕೆ ಹಿಡಿದೇ ದಿನಕ್ಕೆ ನೂರು ಸಲ ಆ ಬಾಗಿಲು ತೆಗೆದವನು ಅವನು. ತಿಂಗಳ ಮೇಲೆ ಒಂದು ಪವರ್‌ಲೂಮಿಗೆ ಕೆಲಸಕ್ಕೆ ಹೋದ.

ಹಣಮೇಶ ಮಾನಹಾನಿಯ ನೋಟೀಸು ಕಳಿಸಿದ. ರಾಜಮಹ್ಮದನ ಅಂಗಡಿಗೆ ನಾಲ್ಕು ಜನ ಬಂದು ಕಂಪ್ಯೂಟರು ಎತ್ತಿ ಹೊರಗೆ ಎಸೆದು ಹೋದರು. ನೆಟ್ಟಿನಲ್ಲಿದ್ದದ್ದು ಅಲ್ಲೇ ಉಳಿಯಿತು. ಮೊಬೈಲುಗಳಲ್ಲಿದ್ದದ್ದನ್ನು ಯಾರು ಎಲ್ಲಿ ಹುಡುಕುತ್ತಾರೆ? ಎರಡು ಸಾವಿರದ ಒಂಬತ್ತರ ಏಪ್ರಿಲಿನಲ್ಲಿ ಲೋಕಸಭೆಯ ಪ್ರಚಾರಕ್ಕೆ ಅವನು ಹೊರಟಾಗ, ಹಳ್ಳಿಯೊಂದರಲ್ಲಿ ಕಟ್ಟೆಯ ಮೇಲೆ ಕೂತಿದ್ದ ಮುದುಕಿಯೊಬ್ಬಳು "ಗಾಡಿ ಒರಸಿಕೊಂಡು ಬಂದೀಯೇನೋ ಯಪ್ಪಾ" ಎಂದು ಕೇಳಿದಳಂತೆ. ಹೆಂಗಸರು ನಕ್ಕರಂತೆ. ಅವನು ಜೀಪಿನಿಂದ ಇಳಿಯದೆ ಮುಂದೆ ಹೋದನಂತೆ. ಅಷ್ಟೇ. ಅವನ ಪದವಿ ಹೋಗಲಿಲ್ಲ, ಗುತ್ತಿಗೆ ಹೋಗಲಿಲ್ಲ. ಮಹಾನಂದಾಗೆ ಆ ಸುದ್ದಿ ಕೇಳಿ ಸಮಾಧಾನವೇನೂ ಆಗಲಿಲ್ಲ.

ಬೇಸಿಗೆ ರಜೆಗೆ ಸಪ್ನಾಳನ್ನು ಕಳಿಸಲಿಲ್ಲ. ಆದರೆ ಶಾಲೆ ಶುರುವಾದ ಮೇಲೆ ಒಂದು ಮುಂಜಾನೆ ಅವಳೇ ಬಸ್ಸು ಹತ್ತಿ ಬಂದಳು. ಚೀಲ ಇರಲಿಲ್ಲ. ಬಂದವಳು ಆಯಿ ಚಂದ್ರವ್ವನನ್ನೂ ಮಾತಾಡಿಸದೆ ನೇರ ಪ್ರೆಸ್ಸಿಗೆ ಹೋಗಿ ಚಿಕ್ಕವ್ವನ ಎದುರಿಗೆ ನಿಂತಳು.

"ಆಯಿ ಹೇಳಿದ್ದು ಕೇಳಿದೆ. ಗೆಳತಿ ಮೊಬೈಲ್‌ದಾಗ. ಸಾಲ್ಯಾಗ ಎಲ್ಲಾರೂ ಕೇಳ್ಯಾರ."

"ಕೂಡ್ರು ಸಪ್ನಾ."

"ಕೂಡಂಗಿಲ್ಲ. ನಿನಗ ಮೊದ್ಲ ಗೊತ್ತಿತ್ತಲ್ಲ? ಪೇಪರ್‌ದಾಗ ಯಾಕ ಸುಳ್ಳು ಬರದಿ?"

"ಆ ಸಾಲು ನಾ ಬರದಿದ್ದಲ್ಲವಾ. ಸಂಪಾದಕ..." ಎಂದು ಶುರು ಮಾಡಿದ ಮಹಾನಂದಾ ಅಲ್ಲೇ ನಿಂತಳು. ಮಾತು ಖರೆಯೇ. ಆದರೂ ಬಾಯಿಗೆ ಬಂದಾಗ ಅದು 'ಗಾಡಿ ಸಿಗಲಿಲ್ಲ' ಅಂದಂತೆಯೇ ಕೇಳಿಸಿತು.

"ನಿನ್ನ ಹೆಸರಿತ್ತು" ಅಂದಳು ಸಪ್ನಾ. "ನಿನ್ನ ಫೋಟೋ ಇತ್ತು. ನಾ ಅದನ್ನ ಬಾಯಿಪಾಠ ಮಾಡಿದೆ. ಸ್ಟೇಜ್ ಮ್ಯಾಲ ಹೇಳಿದೆ. ಪ್ರಶಸ್ತಿ ಕೊಟ್ರು."

"ತಪ್ಪಾತು" ಅಂದಳು ಮಹಾನಂದಾ. "ಅವನ ಕೂಡ ಜಗಳಾಡಿ ಬಂದೆ. ಮರುವಾರ ಅದ ಜಾಗಾದಾಗ ಖರೇದು ಹಾಕಸೂತನಕ ಬಿಡಬಾರದಿತ್ತು. ಸಿಟ್ಟು ಮಾಡಿದೆ, ಕೆಲಸ ಮಾಡಲಿಲ್ಲ. ಎರಡು ವರ್ಷ ಕೈ ನೋವು ಅಂತ ಹೇಳ್ಕೋತ ಕುಂತೆ."

ಹುಡುಗಿ ಅಳಲಿಲ್ಲ. ಅವಳ ಮೂಗಿನ ಹೊಳ್ಳೆಗಳು ಮಾತ್ರ ಅರಳಿ ಅರಳಿ ಮುಚ್ಚುತ್ತಿದ್ದವು. "ಅಪ್ಪಗ ಕೇಳಿದೆ" ಅಂದಳು. "ಹೌದೋ ಅಲ್ಲೋ ಅಷ್ಟ ಹೇಳು ಅಂದೆ. ಅಂವ ಹೊಸಾ ಸೈಕಲ್ ತಂದು ಕೊಟ್ಟ."

ಸಂಜೆಗೆ ಹಣಮೇಶ ಅವಳನ್ನು ಕರೆದೊಯ್ಯಲು ಬಂದ. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಹೆಂಗಸರು ಬಾಗಿಲಿಗೆ ಬಂದರು. ಅವನು ಜೀಪಿನಲ್ಲೇ ಕೂತು ಮಗಳನ್ನು ಕರೆದ. ಸಪ್ನಾ ಹೊಸ್ತಿಲಿಗೆ ಬಂದು, "ನಾ ಬಸ್ಸಿಗೆ ಬರ್ತೇನಿ" ಅಂದಳು.

"ಹುಚ್ಚು ಮಾತಾಡಬ್ಯಾಡ. ಹತ್ತು."

"ಅದರಾಗ ನಾ ಹತ್ತಂಗಿಲ್ಲ. ಸಾಲಿ ಐತಿ, ಮನಿಗೆ ಬರ್ತೇನಿ. ಬಸ್ಸಿಗೆ ಬರ್ತೇನಿ."

ಅವನು ಇಳಿಯಲು ಕಾಲು ಹೊರಗಿಟ್ಟ. ಓಣಿಯನ್ನೊಮ್ಮೆ ನೋಡಿದ. ಕಾಲು ಒಳಗೆಳೆದುಕೊಂಡ.

ಮರುದಿನ ಮಹಾನಂದಾ ಅವಳ ಜೊತೆ ಹುನಗುಂದದವರೆಗೆ ಬಸ್ಸಿನಲ್ಲಿ ಹೋದಳು. ದಾರಿಯುದ್ದಕ್ಕೂ ಹುಡುಗಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಳು. ಅವಳು ತನ್ನನ್ನು ಕ್ಷಮಿಸಿಲ್ಲ ಎಂದು ಮಹಾನಂದಾಗೆ ಗೊತ್ತಿತ್ತು. ಕ್ಷಮಿಸಲಿ ಎಂದು ಕೇಳುವ ಮನಸ್ಸೂ ಆಗಲಿಲ್ಲ. ಹಳ್ಳಿಯ ಬಸ್ಸು ಹತ್ತುವಾಗ ಸಪ್ನಾ ತಿರುಗಿ, "ಆ ಸಂಪಾದಕನ ಹೆಸರೇನು?" ಎಂದು ಕೇಳಿದಳು.

"ಹೊಳಬಸಪ್ಪ. ಯಾಕ?"

"ಸುಮ್ನ" ಅಂದಳು. ಆ 'ಸುಮ್ನ'ದೊಳಗೆ ಇದ್ದದ್ದು ತನ್ನದೇ ಆ ಹಳೇ ಸಿಟ್ಟು ಎಂದು ಮಹಾನಂದಾಗೆ ಗೊತ್ತು. ಬಸ್ಸು ಹೋಯಿತು.

ಅವಳು ಇಳಕಲ್ಲಿಗೆ ಬಂದವಳೇ ಪ್ರೆಸ್ಸಿಗೆ ಹೋದಳು. ರಾಜಮಹ್ಮದ ಒಡೆದ ಕಂಪ್ಯೂಟರುಗಳಲ್ಲಿ ಒಂದನ್ನು ರಿಪೇರಿ ಮಾಡಿಸಿಟ್ಟಿದ್ದ. ಕೌದಿ ಸರಿಸಿ ಕೂತು, ಮೈಕಿನ ಮುಂದೆ, ತನ್ನ ಹೆಸರು ಹೇಳಿದಳು. ಇವತ್ತು ಯಾರನ್ನೂ ನಗಿಸುವುದಿಲ್ಲ, ಯಾರನ್ನೂ ಅಳಿಸುವುದಿಲ್ಲ ಅಂದಳು. ಪತ್ರಿಕೆಯಲ್ಲಿ ತನ್ನ ಹೆಸರಿನ ಕೆಳಗೆ ಒಂದು ಸುಳ್ಳು ಅಚ್ಚಾಗಿದೆ. ಅದನ್ನು ಯಾರು ಬರೆದರು, ಯಾಕೆ ಬರೆದರು, ಅದನ್ನು ತಾನು ಎಷ್ಟು ದಿನ ಹಾಗೇ ಬಿಟ್ಟೆ ಎಂದು ಹೇಳತೊಡಗಿದಳು.